ಹನ್ನೆರಡನೇ ಪುಟದ ಮಾದರಿ ಪತ್ರ

ಪತ್ರ ಗುಣಮಟ್ಟ ವಿಭಾಗದ ಮುಖ್ಯಾಧಿಕಾರಿಗಳೇ,

‘ಮಾನ್ಯರೇ’ ಎಂದು ಬರೆದು, ಅದರ ಪಕ್ಕದಲ್ಲಿ ಅಲ್ಪವಿರಾಮವನ್ನು ಅಚ್ಚುಕಟ್ಟಾಗಿ ಇಟ್ಟು, ಮುಂದಿನ ಸಾಲಿನಲ್ಲಿ ಕ್ಷೇಮ ವಿಚಾರಿಸಿ, ಆಮೇಲಷ್ಟೇ ವಿಷಯಕ್ಕೆ ಬರಬೇಕೆಂಬುದು ನಿಮ್ಮ ಸುತ್ತೋಲೆಯ ಮೊದಲ ನಿಯಮ. ನಿಮ್ಮ ಕ್ಷೇಮದ ಬಗ್ಗೆ ನನಗೆ ಸದ್ಯಕ್ಕೆ ಕುತೂಹಲವಿಲ್ಲದ ಕಾರಣ ನೇರವಾಗಿ ವಿಷಯಕ್ಕೇ ಬರುತ್ತೇನೆ. ನಿಮ್ಮ ಆಸ್ಪತ್ರೆಯ ನೆಲಮಾಳಿಗೆಯ ಸಾಮಾನು ಲಿಫ್ಟು ಬಾಗಿಲು ಮುಚ್ಚುವ ಮೊದಲೇ ಹೊರಟುಬಿಡುತ್ತದೆ ಎಂದು ಅಲ್ಲಿನ ಬಟ್ಟೆ ಒಗೆಯುವ ವಿಭಾಗದಲ್ಲಿರುವ ನನ್ನ ಅಕ್ಕ ನಿಮಗೆ ನಾಲ್ಕು ಸಲ ಬರೆದಳು. ಮೂರು ಸಲ ನೀವು ಅಲ್ಪವಿರಾಮಗಳು ಸರಿಯಿಲ್ಲವೆಂದು ಪತ್ರವನ್ನು ಹಿಂದಕ್ಕೆ ಕಳಿಸಿದಿರಿ. ನಾಲ್ಕನೆಯ ಸಲ ಎಲ್ಲ ಸರಿಯಾಗಿದ್ದವು. ಹಾಗಾಗಿ ಅದನ್ನು ಮಾದರಿ ಪತ್ರವೆಂದು ನಿಮ್ಮ ವಿಭಾಗದ ಪುಸ್ತಕದ ಹನ್ನೆರಡನೇ ಪುಟದಲ್ಲಿ ಅಚ್ಚು ಹಾಕಿಸಿದಿರಿ. ಲಿಫ್ಟನ್ನು ಇದ್ದ ಹಾಗೆಯೇ ಬಿಟ್ಟಿರಿ. ಮೇ ಇಪ್ಪತ್ತೇಳರ ಬೆಳಿಗ್ಗೆ ಅದು ಅಕ್ಕನ ಬಲಗೈಯ ನಾಲ್ಕು ಬೆರಳುಗಳನ್ನು ತೆಗೆದುಕೊಂಡು ಮೇಲೆ ಹೋಯಿತು. ಈಗ, ಅಜಾಗರೂಕತೆ ನಿನ್ನದೇ, ಕೆಲಸದಿಂದ ಏಕೆ ತೆಗೆಯಬಾರದೆಂದು ವಿವರಣೆ ಕೊಡು ಎಂದು ಅವಳಿಗೆ ನೋಟೀಸು ಬಂದಿದೆ. ವಿವರಣೆ ಹದಿನೈದು ದಿನಗಳೊಳಗೆ, ಇಂಗ್ಲಿಷಿನಲ್ಲಿ, ನಿಯಮಾನುಸಾರದ ಅಲ್ಪವಿರಾಮಗಳೊಂದಿಗೆ, ಸ್ವಂತ ಕೈಬರಹದಲ್ಲಿ ಇರಬೇಕಂತೆ. ಒಂಬತ್ತು ದಿನ ಕಳೆದಿದೆ.

ಇದನ್ನು ಮನೆಮಾತಿನಲ್ಲಿ ಬರೆದು ಎಲ್ಲರೂ ಓದುವ ಪತ್ರಿಕೆಗೆ ಕೊಡುತ್ತಿರುವುದೇಕೆಂದು ನೀವು ಕೇಳಬಹುದು. ಇಂಗ್ಲಿಷಿನಲ್ಲಿ ಬರೆದು ನಿಮಗೇ ಕೊಟ್ಟಿದ್ದರೆ ಇದು ಹದಿಮೂರನೇ ಪುಟವಾಗುತ್ತಿತ್ತು.

ನಾನು ಯಾರೆಂದು ನಿಮಗೆ ಗೊತ್ತು, ಓದುಗರಿಗೆ ಗೊತ್ತಿಲ್ಲ. ಗಡಿಯಾರ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಅಕ್ಕ, ನಾನು ಇಬ್ಬರೇ ಇದ್ದೇವೆ. ಮುಂದಿನ ಕೋಣೆಯಲ್ಲಿ ಹತ್ತೊಂಬತ್ತು ವರ್ಷಗಳಿಂದ ಇಂಗ್ಲಿಷ್ ಬರವಣಿಗೆಯ ಪಾಠ ಹೇಳುತ್ತಿದ್ದೇನೆ. ಬೀದಿಯಲ್ಲಿ ನನ್ನನ್ನು ಕಾಮಾ ಟೀಚರ್ ಎನ್ನುತ್ತಾರೆ, ಎದುರಿಗಲ್ಲ, ಬೆನ್ನ ಹಿಂದೆ. ಅಲ್ಪವಿರಾಮ ತಪ್ಪಿದ ಇಂಗ್ಲಿಷ್ ವಾಕ್ಯ ಕಂಡರೆ ನನಗೆ ಅನ್ನದಲ್ಲಿ ಕಲ್ಲು ಕಡಿದ ಹಾಗಾಗುತ್ತದೆ. ಆದ್ದರಿಂದ ಇದು ಅಲ್ಪವಿರಾಮದ ಶತ್ರುವೊಬ್ಬಳ ಪತ್ರವೆಂದು ಪಕ್ಕಕ್ಕಿಡಬೇಡಿ. ‘ಬಟ್’ ಎಂಬ ಪದ ಎರಡು ಪೂರ್ಣ ವಾಕ್ಯಗಳನ್ನು ಕೂಡಿಸುವಾಗ ಅದರ ಹಿಂದೆ ಅಲ್ಪವಿರಾಮ ಬೇಕು. ‘ವೆನ್’ ಎಂದು ಶುರುವಾದ ತುಂಡು ಮುಗಿದಾಗ ಬೇಕು. ನಾಲ್ಕು ವಸ್ತುಗಳನ್ನು ಸಾಲಾಗಿ ಹೇಳಿದರೆ ಅವುಗಳ ನಡುವೆ ಬೇಕು. ಇದನ್ನು ನಾನು ಸಾವಿರ ಸಲ ಹೇಳಿದ್ದೇನೆ, ಇನ್ನೂ ಸಾವಿರ ಸಲ ಹೇಳಬಲ್ಲೆ. ಓದುವವನು ಎಲ್ಲಿ ಒಂದು ಕ್ಷಣ ನಿಲ್ಲಬೇಕೆಂದು ಅವನಿಗೆ ಮೊದಲೇ ತಿಳಿಸುವುದು ಒಂದು ಸೌಜನ್ಯ. ಆದರೆ ಓದುವವನೇ ಇಲ್ಲದ ಕಡೆ ಆ ಸೌಜನ್ಯವನ್ನು ಯಾರಿಗೆ ತೋರಿಸುವುದು? ನಿಮ್ಮ ವಿಭಾಗಕ್ಕೂ ನನಗೂ ಒಂದು ನಂಟಿದೆ, ಅದನ್ನು ಮುಚ್ಚಿಡುವುದಿಲ್ಲ. ಅದರ ಸರದಿ ಬರಲಿ.

ಮೊದಲು ನಿಮ್ಮ ವಿಭಾಗ ಹುಟ್ಟಿದ ಕಥೆ. ಎರಡು ವರ್ಷದ ಹಿಂದೆ ಹೊರಗಿನಿಂದ ತಪಾಸಣೆಗೆ ಬಂದ ತಂಡವೊಂದು ನಿಮ್ಮ ಆಸ್ಪತ್ರೆಯ ಕಡತಗಳನ್ನು ತಿರುವಿ ಹಾಕಿ, ‘ಸಿಬ್ಬಂದಿಯ ಪತ್ರಗಳು ಸ್ಪಷ್ಟವಾಗಿಲ್ಲ’ ಎಂದು ಒಂದು ಸಾಲು ಬರೆದು ಹೋಯಿತು. ಸ್ಪಷ್ಟವಾಗಿಲ್ಲ ಎಂದರೆ ಏನು ಮಾಡಬೇಕು? ಬರೆದವರನ್ನು ಕರೆದು ‘ಏನಪ್ಪಾ ನಿನ್ನ ತೊಂದರೆ’ ಎಂದು ಕೇಳಬಹುದಿತ್ತು. ಅದು ತೀರಾ ಸುಲಭವಾಯಿತು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ. ನೀವು ಕೊಟ್ಟಿಗೆಯನ್ನೇ ಹೊಸದಾಗಿ ಕಟ್ಟಿಸಿದಿರಿ. ನಾಲ್ಕನೇ ಮಹಡಿಯಲ್ಲಿ ಕೋಣೆ, ಬಾಗಿಲಿಗೆ ಹಿತ್ತಾಳೆಯ ಫಲಕ, ಒಳಗೆ ನೀವು, ನಿಮ್ಮ ಎದುರಿಗೆ ಕೆಂಪು ಪೆನ್ನಿನ ಗುಮಾಸ್ತರು. ಇನ್ನು ಮುಂದೆ ಅಡುಗೆಮನೆಯವರಾಗಲಿ, ಕಾವಲಿನವರಾಗಲಿ, ಬಟ್ಟೆ ಒಗೆಯುವವರಾಗಲಿ ರಜೆ, ದೂರು, ಬೇಡಿಕೆ ಎಲ್ಲವನ್ನೂ ಇಂಗ್ಲಿಷಿನಲ್ಲೇ ಬರೆಯಬೇಕು, ಬರೆದದ್ದು ಮೊದಲು ನಾಲ್ಕನೇ ಮಹಡಿಗೆ ಹೋಗಿ ಅಲ್ಪವಿರಾಮದ ಪರೀಕ್ಷೆ ಪಾಸಾಗಬೇಕು, ಪಾಸಾದ ಮೇಲೆ ಸಂಬಂಧಪಟ್ಟ ವಿಭಾಗಕ್ಕೆ ಇಳಿಯಬೇಕು ಎಂದು ಆಜ್ಞೆಯಾಯಿತು. ಇಳಿದದ್ದು ಎಷ್ಟು ಎಂದು ಯಾರಾದರೂ ಲೆಕ್ಕವಿಟ್ಟಿದ್ದಾರೆಯೇ?

ಅಕ್ಕನ ಪರಿಚಯ ನಿಮಗಿಲ್ಲ. ನಿಮ್ಮ ಕೋಣೆಯ ಕಿಟಕಿಗೆ ಇಳಿಬಿಟ್ಟಿರುವ ಬಿಳಿ ಪರದೆಯ ಪರಿಚಯ ಇದ್ದೇ ಇರುತ್ತದೆ. ಅದನ್ನು ಒಗೆಯುವವಳು ಅವಳು. ಇಪ್ಪತ್ತೆರಡು ವರ್ಷ ಆ ನೆಲಮಾಳಿಗೆಯ ಆವಿಯಲ್ಲಿ ನಿಂತು ಶಸ್ತ್ರಚಿಕಿತ್ಸೆಯ ಹಾಸು, ಹೊದಿಕೆ, ಡಾಕ್ಟರರ ನಿಲುವಂಗಿ ಒಗೆದಿದ್ದಾಳೆ. ಶಾಲೆ ಬಿಟ್ಟದ್ದು ಎಂಟನೆಯಲ್ಲಿ. ಇಂಗ್ಲಿಷ್ ಕಲಿತದ್ದು ನನ್ನಿಂದಲ್ಲ, ಬಟ್ಟೆಗಳ ಕತ್ತಿನ ಹಿಂದೆ ಹೊಲಿದಿರುವ ಲೇಬಲ್ಲುಗಳಿಂದ. ಡು ನಾಟ್ ಬ್ಲೀಚ್. ವಾಶ್ ಸೆಪರೇಟ್ಲಿ. ಕೀಪ್ ಅವೇ ಫ್ರಂ ಫೈರ್. ಲೇಬಲ್ಲಿನ ಇಂಗ್ಲಿಷಿನಲ್ಲಿ ಅಲ್ಪವಿರಾಮ ಇರುವುದಿಲ್ಲ, ಅಷ್ಟು ಜಾಗವಿರುವುದಿಲ್ಲ. ನಾನು ಮುಂದಿನ ಕೋಣೆಯಲ್ಲಿ ಪಾಠ ಹೇಳಿ ಗಂಟಲು ಒಣಗಿಸಿಕೊಂಡು ಒಳಗೆ ಬಂದರೆ ಅವಳು ಛೇಡಿಸುತ್ತಿದ್ದಳು: “ನೀನು ಒಂದು ಪುಟ ಹೇಳೋದನ್ನ ಲೇಬಲ್ಲು ಮೂರು ಮಾತಲ್ಲಿ ಹೇಳತ್ತೆ ಕಣೇ. ಅದರ ಮಾತು ಕೇಳದೇ ಇದ್ರೆ ಬಟ್ಟೆ ಹಾಳಾಗತ್ತೆ. ನಿನ್ನ ಮಾತು ಕೇಳದೇ ಇದ್ರೆ ಏನಾಗತ್ತೆ ಹೇಳು?” ನನ್ನ ಬಳಿ ಆಗ ಒಳ್ಳೆಯ ಉತ್ತರವಿರಲಿಲ್ಲ. ಈಗ ನಿಮ್ಮ ಆಸ್ಪತ್ರೆ ಒದಗಿಸಿದೆ.

ಅವಳ ಮೊದಲನೆಯ ಪತ್ರ ಮಾರ್ಚ್ ನಾಲ್ಕರದು. ಅದು ಹೀಗಿತ್ತು: ಲಿಫ್ಟ್ ಗೋಯಿಂಗ್ ಡೋರ್ ಓಪನ್ ಪ್ಲೀಸ್ ರಿಪೇರ್ ಬಿಫೋರ್ ಸಂಬಡಿ ಹರ್ಟ್. ವ್ಯಾಕರಣದ ಮಟ್ಟಿಗೆ ನನ್ನ ವಿದ್ಯಾರ್ಥಿಯೊಬ್ಬ ಇದನ್ನು ಬರೆದಿದ್ದರೆ ಹೊರಗೆ ನಿಲ್ಲಿಸುತ್ತಿದ್ದೆ. ಆದರೆ ಅಧಿಕಾರಿಗಳೇ, ಇದರಲ್ಲಿ ನಿಮಗೆ ಅರ್ಥವಾಗದ ಪದ ಯಾವುದು? ಲಿಫ್ಟೇ? ಬಾಗಿಲೇ? ಏಳನೆಯ ದಿನ ಪತ್ರ ಕೆಂಪು ಶಾಯಿಯೊಂದಿಗೆ ವಾಪಸಾಯಿತು. ‘ಅಲ್ಪವಿರಾಮ: ಸೊನ್ನೆ. ತಿದ್ದಿ ಸಲ್ಲಿಸಿ.’ ಎರಡನೆಯ ಪತ್ರದಲ್ಲಿ ಅಕ್ಕ ಯಾರನ್ನೂ ನೋಯಿಸಬಾರದೆಂದು ಪ್ರತಿ ಪದಕ್ಕೂ ಒಂದೊಂದು ಹಂಚಿದಳು. ಅದಕ್ಕೆ ಬಂದ ಉತ್ತರ: ‘ಅಲ್ಪವಿರಾಮ: ಅತಿಯಾಗಿದೆ.’ ಮೂರನೆಯದರಲ್ಲಿ ಅವಳು ಜಾಣತನ ಮಾಡಿ ಎರಡೇ ವಾಕ್ಯ ಬರೆದಳು. ಲಿಫ್ಟು ಚಲಿಸುತ್ತಿದೆ ಎಂದು ಒಂದು, ಬಾಗಿಲು ತೆರೆದಿದೆ ಎಂದು ಇನ್ನೊಂದು, ನಡುವೆ ಒಂದೇ ಒಂದು ಅಲ್ಪವಿರಾಮ. ನಿಮ್ಮ ಗುಮಾಸ್ತರು ಅದರ ಸುತ್ತ ಕೆಂಪು ವೃತ್ತ ಎಳೆದು, ‘ಇವೆರಡನ್ನೂ ಹೀಗೆ ಜೊತೆಯಲ್ಲಿ ಇಡುವಂತಿಲ್ಲ’ ಎಂದು ಬರೆದರು. ಅವರು ಹೇಳಿದ್ದು ಸರಿ. ಇಂಗ್ಲಿಷಿನಲ್ಲಿ ಎರಡು ಪೂರ್ಣ ವಾಕ್ಯಗಳನ್ನು ಬರೀ ಅಲ್ಪವಿರಾಮದಿಂದ ಕಟ್ಟುವಂತಿಲ್ಲ. ಲಿಫ್ಟಿನ ಚಲನೆಯನ್ನೂ ತೆರೆದ ಬಾಗಿಲನ್ನೂ ಜೊತೆಯಲ್ಲಿ ಇಡುವಂತಿಲ್ಲ ಎಂದೇ ಅಕ್ಕನೂ ಹೇಳುತ್ತಿದ್ದಳು.

ನಾಲ್ಕನೆಯ ಪತ್ರ ಏಪ್ರಿಲ್ ಎರಡರಂದು ನಿಮ್ಮ ಮೇಜಿಗೆ ಬಂತು. ಹದಿನಾಲ್ಕು ಅಲ್ಪವಿರಾಮಗಳು, ಒಂದೂ ತಪ್ಪಿಲ್ಲ. ನೆಲಮಾಳಿಗೆಯಲ್ಲಿ ಲಿಫ್ಟು ನಿಂತಾಗ, ಬಾಗಿಲು ತೆರೆಯುತ್ತದೆ, ಆದರೆ ಟ್ರಾಲಿಯ ಹಿಂದಿನ ಗಾಲಿಗಳು ಒಳಗೆ ಹೋಗುವ ಮೊದಲೇ, ಅದು ಮೇಲಕ್ಕೆ ಹೊರಡುತ್ತದೆ; ಫೆಬ್ರವರಿಯಲ್ಲಿ ಹೀಗೆ ಆರು ಸಲ ಆಗಿದೆ; ನಾವು ಕೋಲು, ಬಕೆಟ್, ಕಾಲು, ಕೈ, ಸಿಕ್ಕಿದ್ದನ್ನು ಅಡ್ಡ ಕೊಟ್ಟು ತಡೆಯುತ್ತಿದ್ದೇವೆ. ಇದು ಅದರ ಸಾರ. ನೀವು ಮೇಲ್ತುದಿಯಲ್ಲಿ ‘ಅತ್ಯುತ್ತಮ’ ಎಂದು ಬರೆದಿರಿ. ಅಷ್ಟಕ್ಕೇ ಬಿಡದೆ, ಬರೆದವಳ ಹೆಸರನ್ನು ತೆಗೆದು ‘ಒಬ್ಬ ಉದ್ಯೋಗಿ’ ಎಂದು ಮಾಡಿ, ಹಸಿರು ರಟ್ಟಿನ ‘ಮಾದರಿ ಪತ್ರಗಳು’ ಪುಸ್ತಕದ ಹನ್ನೆರಡನೇ ಪುಟಕ್ಕೆ ಸೇರಿಸಿದಿರಿ. ಮುನ್ನೂರು ಪ್ರತಿ. ಪ್ರತಿ ವಿಭಾಗದಲ್ಲೂ ಒಂದೊಂದು, ಮೊಳೆಗೆ ನೇತುಹಾಕಿ. ಬಟ್ಟೆ ಒಗೆಯುವ ವಿಭಾಗದಲ್ಲಿ ಆ ಮೊಳೆ ಇರುವುದು ಲಿಫ್ಟಿನ ಬಾಗಿಲಿನಿಂದ ನಾಲ್ಕು ಹೆಜ್ಜೆ ದೂರದಲ್ಲಿ.

ಆ ಪುಸ್ತಕವನ್ನು ಯಾರೂ ಬಳಸಲಿಲ್ಲವೆಂದು ನಾನು ಹೇಳುವುದಿಲ್ಲ. ಚೆನ್ನಾಗಿಯೇ ಬಳಸಿದರು. ನಿಮ್ಮಲ್ಲಿ ಒಬ್ಬ ಲಿಫ್ಟ್ ಮೆಕ್ಯಾನಿಕ್ ಇದ್ದಾರೆ, ಅಕ್ಕನನ್ನು ತನ್ನ ಅಕ್ಕನ ಹಾಗೆ ಕಾಣುವ ಮನುಷ್ಯ. ಮೇ ತಿಂಗಳ ಮೊದಲ ವಾರ ಅವರ ರಜೆ ಅರ್ಜಿಯಲ್ಲಿ ಅಲ್ಪವಿರಾಮ ತಪ್ಪಿತೆಂದು ನೀವು ಅವರಿಗೆ ಒಂದು ಶಿಕ್ಷೆ ವಿಧಿಸಿದಿರಿ. ಹನ್ನೆರಡನೇ ಪುಟದ ಪತ್ರವನ್ನು ಹತ್ತು ಸಲ ನಕಲು ಮಾಡಬೇಕು. ಲಿಫ್ಟು ಕೆಟ್ಟಿದೆ ಎಂಬ ದೂರನ್ನು ಲಿಫ್ಟ್ ರಿಪೇರಿ ಮಾಡುವವನ ಕೈಯಿಂದ ಹತ್ತು ಸಲ ಬರೆಸಿದಿರಿ. ಅವರು ಬರೆದರು. ಬರೆದು, ನಿಮಗೆ ಒಪ್ಪಿಸಿ, ಅದೇ ಲಿಫ್ಟಿನಲ್ಲಿ ಎಣ್ಣೆಡಬ್ಬಿ ಹಿಡಿದು ಕೆಳಗೆ ಹೋದರು. ಅಪಘಾತದ ಮರುದಿನ ಆಸ್ಪತ್ರೆಯ ಮೆಟ್ಟಿಲ ಮೇಲೆ ನನ್ನ ಪಕ್ಕ ಕೂತು ಅವರು ಹೇಳಿದ್ದು ಇಷ್ಟು: “ಹತ್ತು ಸಲ ಬರೆದೆ ಟೀಚರ್. ಅದು ಲಿಫ್ಟಿನ ವಿಷಯ ಅಂತ ನಂಗೆ ಹೊಳೀಲೇ ಇಲ್ಲ. ಬರೀ ಆ ಬಾಲದ ಚುಕ್ಕೆಗಳನ್ನೇ ನೋಡ್ತಿದ್ದೆ. ಕೆಳಗಿನ ಸಾಲಿಂದ ಮೇಲಕ್ಕೆ ಬರ್ದ್ರೆ ತಪ್ಪಾಗಲ್ಲ ಅಂತ ಹೇಳ್ಕೊಟ್ಟಿದ್ರಲ್ಲ, ಹಾಗೇ ಬರೆದೆ.” ಅಷ್ಟು ಹೇಳಿ, ಎರಡೂ ಕೈಯನ್ನು ಮಡಿಲಲ್ಲಿಟ್ಟುಕೊಂಡು ನೋಡುತ್ತಾ ಕೂತರು. ಕೆಳಗಿನಿಂದ ಮೇಲಕ್ಕೆ ಎಂದು ಹೇಳಿಕೊಟ್ಟವರು ಯಾರೆಂದು ನಾನು ಕೇಳಲಿಲ್ಲ.

ಮೇ ಇಪ್ಪತ್ತೇಳರ ಬೆಳಿಗ್ಗೆ ಹತ್ತೂ ಮುಕ್ಕಾಲು. ಆಗ ನಡೆದದ್ದನ್ನು ನಾನು ಕಂಡಿಲ್ಲ, ಅಲ್ಲಿ ಬಟ್ಟೆ ಮಡಚುವ ಚಿಕ್ಕಮ್ಮ ಕಂಡಿದ್ದಾರೆ. ಅವರು ನಮಗೆ ಸಂಬಂಧಿಕರಲ್ಲ, ಆ ನೆಲಮಾಳಿಗೆಗೇ ಚಿಕ್ಕಮ್ಮ. ಶಸ್ತ್ರಚಿಕಿತ್ಸೆಯ ಹಾಸುಗಳನ್ನು ತುಂಬಿದ ಟ್ರಾಲಿ. ಅಕ್ಕ ಒಳಗಿನಿಂದ ಎಳೆಯುತ್ತಿದ್ದಳು, ಚಿಕ್ಕಮ್ಮ ಹೊರಗಿನಿಂದ ತಳ್ಳುತ್ತಿದ್ದರು. ಮುಂದಿನ ಗಾಲಿಗಳು ಒಳಗೆ, ಹಿಂದಿನವು ಹೊರಗೆ. ಲಿಫ್ಟು ಹೊರಟಿತು. “ಟ್ರಾಲಿ ನನ್ನ ಮೇಲೆ ಮಗುಚ್ಕೊಳ್ತಿತ್ತು ಕಣವ್ವ. ಇವಳು ಬಿಟ್ಟು ಹಿಂದೆ ಸರಿದಿದ್ರೆ ಇವಳಿಗೆ ಏನೂ ಆಗ್ತಿರ್ಲಿಲ್ಲ. ಬಿಡ್ಲಿಲ್ಲ. ಕಂಬಿ ಹಿಡ್ಕೊಂಡೇ ಇದ್ಲು, ನಾನು ಪಕ್ಕಕ್ಕೆ ಹೋಗೋವರ್ಗೂ.” ಲಿಫ್ಟು ಏರಿದಂತೆ, ಹೊರಬಾಗಿಲಿನ ಮೇಲಿನ ಚೌಕಟ್ಟಿಗೂ ಟ್ರಾಲಿಯ ಕಂಬಿಗೂ ನಡುವೆ ಅಕ್ಕನ ಕೈ ಸಿಕ್ಕಿಕೊಂಡಿತು. ಅವಳನ್ನು ಅದೇ ಆಸ್ಪತ್ರೆಯ ಎರಡನೇ ಮಹಡಿಗೆ ಒಯ್ದು, ಹಿಂದಿನ ದಿನ ಅವಳೇ ಒಗೆದು ಕಳಿಸಿದ ಹಾಸಿನ ಮೇಲೆ ಮಲಗಿಸಿದರು. ಎಚ್ಚರವಾದಾಗ ಅವಳು ಮೊದಲು ಕೇಳಿದ್ದು ಚಿಕ್ಕಮ್ಮನ ಬಗ್ಗೆ, ಆಮೇಲೆ ಕೈಯ ಬಗ್ಗೆ.

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವವರೂ ಉಂಟು. ನೀವು ಅದನ್ನೂ ಹಾಕಲಿಲ್ಲ. ಲಿಫ್ಟು ಮರುದಿನವೂ ಓಡಿತು, ಈಗಲೂ ಓಡುತ್ತಿದೆ, ತಾಂತ್ರಿಕ ದೋಷ ಕಂಡುಬಂದಿಲ್ಲವಂತೆ. ಬದಲಿಗೆ ವಿಚಾರಣಾ ವರದಿಯೊಂದನ್ನು ತಯಾರಿಸಿದಿರಿ. ಅದನ್ನು ನಾನು ಓದಿದ್ದೇನೆ. ಮೂರೂವರೆ ಪುಟ, ನೂರಾ ಹನ್ನೊಂದು ಅಲ್ಪವಿರಾಮಗಳು, ಎಲ್ಲವೂ ಸರಿ. ಅದರ ಎರಡನೇ ಪುಟದಲ್ಲಿ ಒಂದು ವಾಕ್ಯವಿದೆ. ‘ಸದರಿ ಉದ್ಯೋಗಿ, ಬಲಗೈಯ ನಾಲ್ಕು ಬೆರಳುಗಳನ್ನು ಕಳೆದುಕೊಂಡವರು, ನಿಗದಿತ ವಿಧಾನವನ್ನು ಪಾಲಿಸಿರುವುದಿಲ್ಲ.’ ಇಂಗ್ಲಿಷಿನಲ್ಲಿ ಒಂದು ನಿಯಮವಿದೆ, ನಿಮಗೆ ಚೆನ್ನಾಗಿ ಗೊತ್ತು. ಯಾವ ಮಾತನ್ನು ಕಿತ್ತು ಹಾಕಿದರೂ ವಾಕ್ಯಕ್ಕೆ ಧಕ್ಕೆಯಾಗುವುದಿಲ್ಲವೋ ಆ ಮಾತನ್ನು ಎರಡು ಅಲ್ಪವಿರಾಮಗಳ ನಡುವೆ ಇಡಬೇಕು. ಅಕ್ಕನ ಬೆರಳುಗಳನ್ನು ನೀವು ಅಲ್ಲಿ ಇಟ್ಟಿದ್ದೀರಿ. ಹತ್ತೊಂಬತ್ತು ವರ್ಷ ಈ ನಿಯಮವನ್ನು ಕಲಿಸಿದ್ದೇನೆ, ಇಷ್ಟು ಒಳ್ಳೆಯ ಉದಾಹರಣೆ ನನಗೆ ಎಂದೂ ಸಿಕ್ಕಿರಲಿಲ್ಲ. ಅದೇ ವರದಿಯ ಕೊನೆಯಲ್ಲಿ, ‘ಲಿಫ್ಟಿನ ಬಗ್ಗೆ ಈ ಹಿಂದೆ ಯಾವುದೇ ಲಿಖಿತ ದೂರು ದಾಖಲಾಗಿರುವುದಿಲ್ಲ’ ಎಂದಿದೆ.

ಹಸಿರು ಪುಸ್ತಕವನ್ನು ಚೀಲದಲ್ಲಿಟ್ಟುಕೊಂಡು ನಾನು ನಿಮ್ಮ ಕೋಣೆಗೆ ಬಂದದ್ದು ನಿಮಗೆ ನೆನಪಿರಬೇಕು. ಹನ್ನೆರಡನೇ ಪುಟ ತೆರೆದು ನಿಮ್ಮ ಮುಂದಿಟ್ಟೆ. ನೀವು ಕನ್ನಡಕ ಏರಿಸಿ ನೋಡಿ, ಸಂತೋಷದಿಂದಲೇ ಹೇಳಿದಿರಿ: “ಒಳ್ಳೆ ಪತ್ರ ಮೇಡಂ ಇದು. ‘ವೆನ್’ ಆದ್ಮೇಲೆ ಕಾಮಾ ನೋಡಿ, ಎಷ್ಟು ಚೆನ್ನಾಗಿ ಕೂತಿದೆ.”

“ಇದು ಲಿಫ್ಟಿನ ದೂರು,” ಎಂದೆ.

“ದೂರು ಅಲ್ಲ ಮೇಡಂ, ಮಾದರಿ. ದೂರಾಗಿದ್ರೆ ದೂರಿನ ರಿಜಿಸ್ಟರಲ್ಲಿ ಇರ್ತಿತ್ತು. ಇದು ಮಾದರಿ ರಿಜಿಸ್ಟರಲ್ಲಿದೆ. ಎರಡೂ ಕಡೆ ಹತ್ತಿಸೋ ಹಾಗಿಲ್ಲ.”

“ಇದರಲ್ಲಿ ಬರೆದಿರೋದು ನಿಜ ಅಲ್ವಾ?”

ನೀವು ಗುಮಾಸ್ತರ ಮುಖ ನೋಡಿದಿರಿ, ಅವರು ಕೆಂಪು ಪೆನ್ನಿನ ಮುಚ್ಚಳ ನೋಡಿದರು. ಆಮೇಲೆ ನೀವು ಸಣ್ಣ ಮಕ್ಕಳಿಗೆ ತಿಳಿಹೇಳುವ ಧ್ವನಿಯಲ್ಲಿ ಹೇಳಿದಿರಿ: “ಉದಾಹರಣೆ ನಿಜ ಇರ್ಬೇಕು ಅಂತ ಎಲ್ಲಿದೆ ಮೇಡಂ? ನೀವೂ ಟೀಚರು. ನಿಮ್ಮ ಪಾಠದಲ್ಲಿ ‘ನಾನು ಮಾರ್ಕೆಟ್ಟಿಗೆ ಹೋದೆ’ ಅಂತ ಬರೆಸ್ತೀರಿ. ನೀವು ಹೋಗಿರ್ತೀರಾ? ಉದಾಹರಣೆಗೆಲ್ಲ ಕ್ರಮ ತಗೊಳ್ತಾ ಕೂತ್ರೆ ಆಸ್ಪತ್ರೆ ನಡೆಸೋಕಾಗತ್ತಾ?”

ನಾನು ಪುಸ್ತಕ ಮುಚ್ಚಿದೆ. ಹೊರಡುವಾಗ ನಿಮ್ಮ ಗುಮಾಸ್ತರು ಏನು ಮಾಡುತ್ತಿದ್ದಾರೆಂದು ಕಣ್ಣು ಹಾಯಿಸಿದೆ. ಅವರ ಮುಂದೆ ಯಾರದೋ ಪತ್ರ ಇತ್ತು. ಅದರ ಮೇಲೆ ಒಂದೇ ಸಾಲಿನಷ್ಟು ಕಿಂಡಿ ಕೊರೆದ ರಟ್ಟು. ಕೊನೆಯ ಸಾಲನ್ನು ನೋಡಿ ಅಲ್ಪವಿರಾಮಕ್ಕೆ ಗುರುತು ಹಾಕಿ, ರಟ್ಟನ್ನು ಒಂದು ಸಾಲು ಮೇಲಕ್ಕೆ ಸರಿಸಿದರು. ಆಮೇಲೆ ಇನ್ನೊಂದು ಸಾಲು. ಬಾವಿಯಿಂದ ಹಗ್ಗ ಸೇದುವ ಹಾಗೆ, ಕೆಳಗಿನಿಂದ ಮೇಲಕ್ಕೆ.

ಈಗ ಆ ನಂಟಿನ ಸರದಿ.

ಆ ರಟ್ಟು ನನ್ನದು. ವಿಭಾಗ ಶುರುವಾದಾಗ ಆರು ಶನಿವಾರ ನಿಮ್ಮ ಸಿಬ್ಬಂದಿಗೆ ತರಬೇತಿ ಕೊಡಲು ನನ್ನನ್ನು ಕರೆಸಿದಿರಿ. ನಾಲ್ಕನೆಯ ಶನಿವಾರ ನಾನೇ ಕತ್ತರಿ ತಂದು, ಹಳೆಯ ಕ್ಯಾಲೆಂಡರಿನ ರಟ್ಟಿನಲ್ಲಿ ಕಿಂಡಿ ಕೊರೆದು ತೋರಿಸಿದೆ. ಪತ್ರವನ್ನು ಮೇಲಿನಿಂದ ಓದಬೇಡಿ, ಕೊನೆಯ ಸಾಲಿನಿಂದ ಶುರುಮಾಡಿ ಎಂದೆ. ಯಾಕೆ ಎಂದು ಅಡುಗೆಮನೆಯ ಒಬ್ಬಾಕೆ ಕೇಳಿದಳು. ಮೇಲಿನಿಂದ ಓದಿದರೆ ಅರ್ಥ ಅಡ್ಡ ಬರುತ್ತದೆ, ಕಣ್ಣು ವಿಷಯದ ಹಿಂದೆ ಓಡಿಹೋಗಿ ಅಲ್ಪವಿರಾಮ ತಪ್ಪಿಹೋಗುತ್ತದೆ ಎಂದು ಉತ್ತರಿಸಿದೆ. ಎಲ್ಲರೂ ಬರೆದುಕೊಂಡರು. ನೀವು ಎದ್ದು ನಿಂತು ಚಪ್ಪಾಳೆ ತಟ್ಟಿದಿರಿ. ನನಗೆ ಎಷ್ಟು ಹೆಮ್ಮೆಯಾಗಿತ್ತೆಂದರೆ ಮನೆಗೆ ಬಂದು ಅಕ್ಕನಿಗೂ ಹೇಳಿದೆ. ಅವಳು ಇಸ್ತ್ರಿ ಮಾಡುತ್ತಾ, “ಅರ್ಥಾನೇ ಅಡ್ಡ ಬರತ್ತಾ?” ಎಂದು ನಕ್ಕಳು. ನಾನು ಸಿಟ್ಟು ಮಾಡಿಕೊಂಡೆ.

ನಾಲ್ಕನೆಯ ಪತ್ರವನ್ನು ತಿದ್ದಿದವಳೂ ನಾನೇ. ಮೂರು ಸಲ ವಾಪಸು ಬಂದ ಕಾಗದಗಳನ್ನೆಲ್ಲ ಒಟ್ಟಿಗೆ ಹಿಡಿದು ಅಕ್ಕ ಸಂಜೆ ಪಾಠ ಮುಗಿದ ಮೇಲೆ ಮುಂದಿನ ಕೋಣೆಗೆ ಬಂದಳು. ವಿದ್ಯಾರ್ಥಿಗಳ ಬೆಂಚಿನ ಮೇಲೆ ಕೂತಳು. ಅವಳು ಮನೆಮಾತಿನಲ್ಲಿ ಹೇಳುತ್ತಾ ಹೋದಳು, ನಾನು ಇಂಗ್ಲಿಷಿನಲ್ಲಿ ಬರೆದುಕೊಳ್ಳುತ್ತಾ ಹೋದೆ. ಬರೆದಾದ ಮೇಲೆ ಅವಳದೇ ಅಕ್ಷರದಲ್ಲಿ ಅದನ್ನು ನಕಲು ಮಾಡಿಸಿದೆ. ಆಮೇಲೆ ಕೆಂಪು ಪೆನ್ನು, ರಟ್ಟು, ಕೊನೆಯ ಸಾಲು. ಮೂರು ಸಲ ಪರೀಕ್ಷಿಸಿದೆ. ಕೋಲು, ಬಕೆಟ್, ಕಾಲು, ಕೈ. ಈ ನಾಲ್ಕರ ನಡುವೆ ಅಲ್ಪವಿರಾಮ ಸರಿಯಾಗಿ ಕೂತಿದೆಯೇ ಎಂದು ನೋಡಿದೆನೇ ಹೊರತು, ಕೈಯನ್ನೇಕೆ ಅಡ್ಡ ಕೊಡುತ್ತೀರಿ, ಯಾರ ಕೈ ಅದು ಎಂದು ಕೇಳಲಿಲ್ಲ. ಎದ್ದು ಹೋಗುವಾಗ ಅವಳು ಬಾಗಿಲಲ್ಲಿ ನಿಂತು, “ನೀನಾದ್ರೂ ಓದಿದ್ಯೇನೇ?” ಎಂದಳು. “ಮೂರು ಸಲ ಓದಿದ್ದೀನಿ, ಒಂದು ತಪ್ಪೂ ಇಲ್ಲ,” ಎಂದೆ. ಇಬ್ಬರೂ ಒಂದೇ ಮನೆಯಲ್ಲಿದ್ದೆವು. ಆಮೇಲೆ ಐವತ್ತೈದು ದಿನ ಅವಳು ದಿನಾ ಬೆಳಿಗ್ಗೆ ಡಬ್ಬಿ ಕಟ್ಟಿಕೊಂಡು ಆ ಲಿಫ್ಟಿನ ಬಳಿಗೆ ಹೋದಳು, ನಾನು ಒಂದು ದಿನವೂ ‘ರಿಪೇರಿ ಆಯ್ತಾ’ ಎಂದು ಕೇಳಲಿಲ್ಲ. ಊರಿಗೆಲ್ಲ ಪಾಠ ಹೇಳುವವಳಿಗೆ ಮನೆಯ ಕಾಗದ ಓದಲು ಬರಲಿಲ್ಲ. ನಿಮ್ಮನ್ನು ಬಯ್ಯಲು ನನಗೆ ಯೋಗ್ಯತೆ ಇದೆಯೇ ಎಂದು ನೀವು ಕೇಳಬಹುದು. ಇಲ್ಲ. ಆದರೆ ಅಕ್ಕನಿಗೆ ಇದೆ, ಅವಳ ಬರೆಯುವ ಕೈ ಇಲ್ಲ, ಹಾಗಾಗಿ ನನ್ನದನ್ನು ಬಳಸುತ್ತಿದ್ದೇನೆ.

ಅವಳು ನಿಮ್ಮ ನೋಟೀಸಿಗೆ ಉತ್ತರ ಬರೆಯಲು ಯತ್ನಿಸದೆ ಇಲ್ಲ. ಎಡಗೈಯಲ್ಲಿ ಪೆನ್ನು ಹಿಡಿದು ದಿನಕ್ಕೆರಡು ಗಂಟೆ ಅಕ್ಷರ ತಿದ್ದುತ್ತಾಳೆ, ಐವತ್ತೊಂದನೇ ವಯಸ್ಸಿನಲ್ಲಿ, ನನ್ನ ವಿದ್ಯಾರ್ಥಿಗಳ ಬೆಂಚಿನ ಮೇಲೆ. ‘ವೆನ್’ ಎಂದು ಬರೆಯಲು ಅರ್ಧ ಪುಟ ಹಿಡಿಯುತ್ತದೆ. ನಾನೇ ಬರೆದುಕೊಡುತ್ತೇನೆಂದರೆ ಬೇಡ ಎನ್ನುತ್ತಾಳೆ, “ನೀನು ಬರೆದದ್ದು ಪುಸ್ತಕಕ್ಕೆ ಹೋಗತ್ತೆ,” ಎನ್ನುತ್ತಾಳೆ. ಅದನ್ನು ಕೋಪದಲ್ಲಿ ಹೇಳಿದ್ದರೆ ತಡೆದುಕೊಳ್ಳಬಹುದಿತ್ತು.

ಮೊನ್ನೆ ಅವಳು ಉತ್ತರವನ್ನು ಪಕ್ಕಕ್ಕಿಟ್ಟು, ಬಿಳಿ ಬಟ್ಟೆಯ ಒಂದು ತುಂಡನ್ನೂ, ಆಸ್ಪತ್ರೆಯ ಬಟ್ಟೆಗಳಿಗೆ ಗುರುತು ಹಾಕುವ, ಒಗೆದರೂ ಹೋಗದ ಶಾಯಿಯ ಪೆನ್ನನ್ನೂ ಕೇಳಿದಳು. ಅರ್ಧ ಗಂಟೆ ಕೂತು ಎಡಗೈಯಲ್ಲಿ, ಸೊಟ್ಟಸೊಟ್ಟ ದೊಡ್ಡ ಅಕ್ಷರಗಳಲ್ಲಿ ತನಗೆ ಗೊತ್ತಿದ್ದ ಇಂಗ್ಲಿಷನ್ನು ಬರೆದಳು. ಡು ನಾಟ್ ಯೂಸ್ ಲಿಫ್ಟ್. ಅಷ್ಟೇ. ಚಿಕ್ಕಮ್ಮ ಬಂದು ತೆಗೆದುಕೊಂಡು ಹೋಗಿ, ಅಂಚು ಮಡಚಿ ಹೊಲಿದು, ಲಿಫ್ಟಿನ ಹಿಡಿಗೆ ಕಟ್ಟಿದರು. ಮರುದಿನ ಬೆಳಿಗ್ಗೆ ಯಾರೂ ಲಿಫ್ಟು ಬಳಸಲಿಲ್ಲವಂತೆ. ಟ್ರಾಲಿಗಳನ್ನು ಬಿಟ್ಟು ಬಟ್ಟೆಯ ಗಂಟುಗಳನ್ನು ಮೆಟ್ಟಿಲ ಮೇಲೆ ಹೊತ್ತುಕೊಂಡು ಹೋದರಂತೆ. ಓದಲು ಬಾರದವರೂ ಅದು ಯಾರ ಕೈ ಎಂದು ಗುರುತು ಹಿಡಿದಿದ್ದರು. ನಾಲ್ಕು ಪತ್ರ, ಮುನ್ನೂರು ಪ್ರತಿ, ಹದಿನಾಲ್ಕು ಅಲ್ಪವಿರಾಮ ಮಾಡದ ಕೆಲಸವನ್ನು ಆ ಲೇಬಲ್ಲು ಒಂದು ಬೆಳಿಗ್ಗೆ ಮಾಡಿತು.

ಮಧ್ಯಾಹ್ನ ಮೂರಕ್ಕೆ ನಿಮ್ಮ ಗುಮಾಸ್ತರು ಇಳಿದು ಬಂದರು. ಕಟ್ಟಡದ ಬರಹಗಳೆಲ್ಲ ನಿಮ್ಮ ವಿಭಾಗಕ್ಕೆ ಸೇರುತ್ತವಲ್ಲ. ಲೇಬಲ್ಲನ್ನು ಬಿಚ್ಚಿ, ಬೆಳಕಿಗೆ ಹಿಡಿದು ನೋಡಿ, ಕೊನೆಯಲ್ಲಿ ಪೂರ್ಣವಿರಾಮ ಇಲ್ಲವೆಂದು ಕೆಂಪು ಪೆನ್ನಿನಿಂದ ಒಂದು ಇಟ್ಟರು. ಪಕ್ಕದಲ್ಲಿ ‘ತಿದ್ದಿದೆ’ ಎಂದು ಬರೆದು ಸಹಿ ಹಾಕಿದರು. ಅದನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು, ಅದೇ ಲಿಫ್ಟು ಹತ್ತಿ ನಾಲ್ಕನೇ ಮಹಡಿಗೆ ಹೋದರು. ಚಿಕ್ಕಮ್ಮ ಇದನ್ನು ಹೇಳುವಾಗ ಅಕ್ಕ ಕೇಳಿದ್ದು ಒಂದೇ: “ಅವರ ಕೈ ಒಳಗಿತ್ತಾ?” ಇತ್ತು ಎಂದ ಮೇಲೆ ಎಡಗೈಗೆ ಮತ್ತೆ ಪೆನ್ನು ತೆಗೆದುಕೊಂಡಳು. ಅವಳು ನನ್ನಷ್ಟು ಕೆಟ್ಟವಳಲ್ಲ.

ಆದ್ದರಿಂದ ನನ್ನ ಬೇಡಿಕೆ. ಹನ್ನೆರಡನೇ ಪುಟವನ್ನು ಆ ಪುಸ್ತಕದಿಂದ ಹರಿದು ತೆಗೆದು, ಅವಳು ಮೊದಲ ಸಲ ಬರೆದ ಮಾರ್ಚ್ ನಾಲ್ಕರ ತಾರೀಕಿನಲ್ಲಿ, ಅಕ್ಕನ ಹೆಸರಿನಲ್ಲಿ, ದೂರಿನ ರಿಜಿಸ್ಟರಿಗೆ ಹತ್ತಿಸಿ. ವರದಿಯ ಕೊನೆಯ ಸುಳ್ಳನ್ನು ಅದೇ ಕೆಂಪು ಪೆನ್ನಿನಿಂದ ಹೊಡೆದುಹಾಕಿ. ನೋಟೀಸನ್ನು ವಾಪಸು ಪಡೆಯಿರಿ. ಇದೆಲ್ಲಕ್ಕಿಂತ ಮೊದಲು ಲಿಫ್ಟಿನ ವಿದ್ಯುತ್ತನ್ನು ಕಡಿಸಿ. ಇಂದೂ ಚಿಕ್ಕಮ್ಮ ಅಲ್ಲಿ ಟ್ರಾಲಿ ತಳ್ಳುತ್ತಿದ್ದಾರೆ, ಒಳಗಿನಿಂದ ಎಳೆಯಲು ಯಾರೋ ಹೊಸಬಳನ್ನು ಹಾಕಿದ್ದೀರಂತೆ. ಇನ್ನು ಆರು ದಿನಗಳಿವೆ.

ಇದೆಲ್ಲ ಉದಾಹರಣೆ ಮಾತ್ರವೆಂದು ಈಗಲೂ ಅನ್ನಿಸಿದರೆ ಒಂದು ಸಣ್ಣ ಅಭ್ಯಾಸ ಕೊಡುತ್ತೇನೆ, ಟೀಚರಲ್ಲವೇ. ಹಸಿರು ಪುಸ್ತಕ ಹಿಡಿದು ನೆಲಮಾಳಿಗೆಗೆ ಇಳಿಯಿರಿ. ಟ್ರಾಲಿಯ ಮುಂದಿನ ಗಾಲಿಗಳನ್ನು ಲಿಫ್ಟಿನ ಒಳಗಿಟ್ಟು, ಬಲಗೈಯಲ್ಲಿ ಕಂಬಿ ಹಿಡಿಯಿರಿ. ಎಡಗೈಯಲ್ಲಿ ಪುಸ್ತಕ ಹಿಡಿದು ಹನ್ನೆರಡನೇ ಪುಟವನ್ನು, ಕೆಳಗಿನಿಂದಲ್ಲ, ಮೇಲಿನಿಂದ, ಗಟ್ಟಿಯಾಗಿ ಓದಿ. ಪ್ರತಿ ಅಲ್ಪವಿರಾಮಕ್ಕೂ ಅರ್ಧ ಉಸಿರು ನಿಲ್ಲಬೇಕೆಂದು ನಾನು ಕಲಿಸಿದ್ದು ನೆನಪಿದೆಯಲ್ಲ, ನಿಲ್ಲಿ. ಹದಿನಾಲ್ಕಿವೆ. ನಾನು ಹೊರಗೆ ನಿಂತು, ಟ್ರಾಲಿಯೂ ಇಲ್ಲದೆ, ಕೈಯೂ ಇಡದೆ ಓದಿ ನೋಡಿದ್ದೇನೆ. ಲಿಫ್ಟು ಐದನೆಯ ಅಲ್ಪವಿರಾಮಕ್ಕೇ ಹೊರಡುತ್ತದೆ.

ಇಂತಿ,
ಆ ಹದಿನಾಲ್ಕನ್ನೂ ಸರಿಯಾದ ಜಾಗದಲ್ಲಿ ಇಟ್ಟುಕೊಟ್ಟ,
ಅವಳ ತಂಗಿ